ಎತ್ತರದ ಗಾಡಿಗೆ ಸುತ್ತಿದ ನೂಲು

ಬನಹಟ್ಟಿ
೧೭ ಮಾರ್ಚ್ ೧೯೯೧

ಪ್ರೀತಿಯ ಅಂದಾನೆಪ್ಪ,

ನಿನ್ನ ಪತ್ರ ಬಂದಾಗ ಕರೆಂಟು ಹೋಗಿ ನಾಲ್ಕೂ ಮಗ್ಗ ನಿಂತಿದ್ದವು. ಅದರಿಂದ ಒಂದೇ ಸಲಕ್ಕೆ ಕೂತು ಮೂರು ಬಾರಿ ಓದಿದೆ. ನೀನು ಬೀಳಗಿಯ ದನದ ದವಾಖಾನೆಯ ನೌಕರಿಗೆ ಸೇರಿ ಆರು ವರ್ಷವಾಯಿತು. ಇಷ್ಟು ಉದ್ದದ ಪತ್ರ ಬರೆದದ್ದು ಇದೇ ಮೊದಲು. ಅದೂ ನಿನ್ನ ಅತ್ತಿಯ ಮೊಣಕಾಲು ನೋವಿನ ಬಗ್ಗೆ ಅಲ್ಲ, ಒಂದು ಮೋಟರ್‌ಸೈಕಲ್ಲಿನ ಬಗ್ಗೆ. ಇರಲಿ, ಮೊಣಕಾಲಿಗಿಂತ ಅದೇ ನನಗೂ ಕುತೂಹಲದ ವಿಷಯ.

ನೀನು ಬರೆದದ್ದನ್ನು ನಾನು ತಿಳಿದುಕೊಂಡ ರೀತಿ ಹೀಗೆ. ಸೈಕಲ್ಲಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಹಳ್ಳದಾಚೆಯ ಊರುಗಳಿಗೆ ಲಸಿಕೆ ಒಯ್ಯುತ್ತೀಯ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲನ್ನೇ ಹೊತ್ತು ನಡೆಯಬೇಕು. ಅಷ್ಟರಲ್ಲಿ ಐಸ್ ಕರಗಿ ಲಸಿಕೆ ಕೆಡುತ್ತದೆ. ಗಾಡಿ ಕೊಳ್ಳಲು ಇಲಾಖೆ ಮುಂಗಡ ಕೊಡುತ್ತದೆ, ಆದರೆ ಒಮ್ಮೆ ಕೊಟ್ಟರೆ ಹತ್ತು ವರ್ಷ ಮತ್ತೆ ಕೇಳುವ ಹಾಗಿಲ್ಲ. ಎರಡು ಗಾಡಿ ಇವೆ. ಒಂದು ಎಲ್ಲರೂ ಬಲ್ಲ ಹಳೆಯ ಮಾದರಿ. ಭಾರ ಹೆಚ್ಚು, ಕೆಸರಿನಲ್ಲಿ ಕೂರುತ್ತದೆ, ಆದರೆ ಪ್ರತಿ ಊರಿನಲ್ಲೂ ಅದರ ಮೇಸ್ತ್ರಿ ಇದ್ದಾನೆ. ಇನ್ನೊಂದು ಹೊಸದು. ಎತ್ತರ, ಹಗುರ, ಟಾಯರಿಗೆ ದಪ್ಪ ಹಲ್ಲು. ಡಾಂಬರಿಗೂ ನಡೆಯುತ್ತದೆ, ಹೊಲಕ್ಕೂ ನಡೆಯುತ್ತದೆ. ಅದನ್ನು ಬಲ್ಲವರು ಯಾರೂ ಇಲ್ಲ. ನೀನು ಕೇಳುವುದು, ನಡು ದಾರಿಯಲ್ಲಿ ಕೈ ಕೊಡದ ಗಾಡಿ ಯಾವುದು ಅಂತ.

ನನಗೆ ಮಗ್ಗ ಮಾತ್ರ ಗೊತ್ತು. ಮಗ್ಗದ ಮಾತನ್ನೇ ಹೇಳುತ್ತೇನೆ. ಕೆಡದ ಮಗ್ಗವನ್ನು ನಾನು ಇನ್ನೂ ನೋಡಿಲ್ಲ. ಆದ್ದರಿಂದ ಕೆಡುತ್ತದೆಯೇ ಎಂದು ಯಾರನ್ನೂ ಕೇಳಬೇಡ. ಮೊದಲು ಯಾವ ಭಾಗ ಕೆಡುತ್ತದೆ ಎಂದು ಕೇಳು. ಕೆಡುವ ಮುಂಚೆ ಸದ್ದು ಮಾಡಿ ತಿಳಿಸುತ್ತದೆಯೋ, ಸುಮ್ಮನೆ ಕೂತುಬಿಡುತ್ತದೆಯೋ ಕೇಳು. ಕೆಟ್ಟಿದ್ದನ್ನು ಬೀಳಗಿಯಲ್ಲೇ ಸರಿಮಾಡಬಹುದೋ, ವಿಜಾಪುರದ ಅಂಗಡಿಯ ತನಕ ಹೇರಿಕೊಂಡು ಹೋಗಬೇಕೋ ಅದನ್ನೂ ಕೇಳು.

ಇನ್ನೊಂದು. ನಮ್ಮ ಓಣಿಯಲ್ಲಿ ಹೊಸ ಮಗ್ಗ ತಂದರೆ ಮೂರು ಹಾಸು ನೇಯ್ದು ಇಳಿಸುವ ತನಕ ಅದು ಮಾರಿದವನದೇ. ಮೂರರೊಳಗೆ ತಕರಾರು ಮಾಡಿದರೆ ಅವನು ಎತ್ತಿಕೊಂಡು ಹೋಗಬೇಕು. ಗಾಡಿಗೂ ಅಂಥದೊಂದು ಕರಾರು ಬರೆಸಿಕೊ.

ಕೊನೆಗೆ ಒಂದು ಮಾತು. ಹೊಸ ಗಾಡಿಯ ಮೇಲೆ ಕೂತರೆ ಎಡಗಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತದೆ ಎಂದು ಬರೆದಿದ್ದೀಯ. ಬರೀ ಕೇಳಿ ತಿಳಿದವನಿಗೆ ಹೆಬ್ಬೆರಳಿನ ಸುದ್ದಿ ಗೊತ್ತಿರುವುದಿಲ್ಲ. ಹೌದೋ ಅಲ್ಲವೋ?

ದಾರಿ ನೋಡುವ ನಿನ್ನ ಅತ್ತಿ,
ಮಾಯವ್ವ


ಬೀಳಗಿ
೨೮ ಮಾರ್ಚ್ ೧೯೯೧

ಅತ್ತಿ, ನಿನ್ನ ಕಾಲಿಗೆ ನಮಸ್ಕಾರ.

ಹೌದು, ಕೂತು ಬಂದಿದ್ದೇನೆ. ಹೆಸರನ್ನೂ ಬರೆಸಿ ಬಂದಿದ್ದೇನೆ. ನಿನ್ನನ್ನು ಕೇಳಿದ್ದು ಆಮೇಲೆ. ತಪ್ಪಾಯಿತು. ಆದರೆ ಕೇಳಿದ್ದು ಸುಳ್ಳಲ್ಲ. ಹೆಸರು ಬರೆಸಿದ ರಾತ್ರಿಯಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಹೋದ ವರ್ಷ ಜುಲೈನಲ್ಲಿ ಹಳ್ಳದಾಚೆಯ ಊರಿಗೆ ಗಂಟಲು ಬೇನೆಯ ಲಸಿಕೆ ಒಯ್ದಾಗ ಪೆಟ್ಟಿಗೆಯಲ್ಲಿ ಐಸ್ ಇರಲಿಲ್ಲ, ಬೆಚ್ಚಗಿನ ನೀರಿತ್ತು. ಚುಚ್ಚಿದರೆ ಉಪಯೋಗವಿಲ್ಲ ಎಂದು ಗೊತ್ತಿತ್ತು. ಜನ ದನ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ನಾನು ಏನು ಮಾಡಿದೆ ಎಂದು ಬರೆಯುವುದಿಲ್ಲ. ಈ ವರ್ಷ ಹಾಗಾಗಬಾರದು. ಅಷ್ಟಕ್ಕೇ ನನಗೆ ಗಾಡಿ ಬೇಕು.

ವಿಜಾಪುರದ ಅಂಗಡಿಯವನಿಗೆ ನಿನ್ನ ಮೂರು ಪ್ರಶ್ನೆ ಕೇಳಿದೆ. ಏನೂ ಕೆಡುವುದಿಲ್ಲ ಎಂದು ಮೂರಕ್ಕೂ ಒಂದೇ ಉತ್ತರ ಕೊಟ್ಟ. ಕರಾರಿನ ಮಾತಿಗೆ ನಕ್ಕ. ಆಮೇಲೆ ಅವನ ತಂದೆ ಒಳಗಿನಿಂದ ಬಂದು, ಮಗ್ಗದ ಕರಾರು ಕೇಳುವವರು ಬನಹಟ್ಟಿಯವರೇ ಇರಬೇಕು, ಹಾಗಾದರೆ ಬಿಡುವುದಿಲ್ಲ ನೀವು ಎಂದು ಹೇಳಿ ಬರೆದುಕೊಟ್ಟರು. ಗಾಡಿ ಒಯ್ದ ಮೂರು ತಿಂಗಳೊಳಗೆ ವಾಪಸ್ ತಂದರೆ ಹಳೆಯ ಮಾದರಿಯ ಗಾಡಿ ಕೊಡುತ್ತಾರೆ.

ಈ ಹೊಸ ಗಾಡಿ ಸುತ್ತಮುತ್ತ ಇರುವುದು ಎರಡೇ. ಎರಡೂ ಮುಧೋಳದ ಕಡೆ ಕಬ್ಬಿನ ಹೊಲ ನೋಡುವವರ ಹತ್ತಿರ ಇವೆ. ಒಬ್ಬರ ಹೆಸರು ತುಕಾರಾಮ. ಪತ್ರ ಬರೆದಿದ್ದೆ. ಬಹಳ ಛಲೋ ಗಾಡಿ ಎಂದು ಎರಡು ಸಾಲು ಬರೆದಿದ್ದಾರೆ.

ನಿನ್ನ,
ಅಂದಾನೆಪ್ಪ


ಬನಹಟ್ಟಿ
೧೪ ಏಪ್ರಿಲ್ ೧೯೯೧

ಅಂದಾನೆಪ್ಪ,

ಎರಡು ಸಾಲಿನ ಹೊಗಳಿಕೆ ನನಗೆ ಸಾಲಲಿಲ್ಲ. ಪಕ್ಕದ ಮನೆಯ ಸಾತವ್ವನ ಮಗಳು ಮುಧೋಳದಲ್ಲಿ ಇದ್ದಾಳಲ್ಲ, ಸಾತವ್ವನ ಜೊತೆ ನಾನೂ ಬಸ್ಸು ಹತ್ತಿದೆ. ಕೈಚೀಲದಲ್ಲಿ ಒಂದು ಖಾಲಿ ಮರದ ಕಂಡಿಕೆ ಇಟ್ಟುಕೊಂಡಿದ್ದೆ. ನೂಲು ಸುತ್ತುವ ಕಂಡಿಕೆಯ ಒಂದು ತುದಿಯನ್ನು ಮಗ್ಗದ ಕಬ್ಬಿಣಕ್ಕೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟರೆ ಒಳಗಿನ ಸದ್ದೆಲ್ಲ ಕೇಳುತ್ತದೆ. ನೀನು ಚಿಕ್ಕವನಿದ್ದಾಗ ಹಾಗೆ ಕೇಳಿ ಹೆದರಿ ಅತ್ತಿದ್ದೆ.

ತುಕಾರಾಮ ಸಿಕ್ಕಿದ. ನಲವತ್ತರ ಗಂಡಸು, ಬಿಳಿ ಅಂಗಿ, ಮೃದು ಮಾತು. ನಾನು ನಿನ್ನ ಅತ್ತಿ ಎಂದು ತಿಳಿದ ಕೂಡಲೇ ಚಹದ ಅಂಗಡಿಯಲ್ಲಿ ಕೂರಿಸಿದ. ಗಾಡಿಯನ್ನು ಹೊಗಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಎಮ್ಮೆ ನಡೆಯುವ ಹಾದಿಯಲ್ಲೂ ನಡೆಯುತ್ತದಂತೆ. ಕಬ್ಬಿನ ಹೊಲದ ಒಳಗಿನ ಕಾಲುವೆ ದಾಟುತ್ತದಂತೆ. ಮೊದಲು ಯಾವುದು ಕೆಟ್ಟಿತು ಎಂದು ಕೇಳಿದರೆ ಏನೂ ಇಲ್ಲ ಅಂದ. ನಾನು ಕಂಡಿಕೆ ತೆಗೆದು ಸದ್ದು ಕೇಳಬೇಕು ಅಂದಾಗ ಅಲ್ಲಿದ್ದವರೆಲ್ಲ ನಕ್ಕರು. ಸಾತವ್ವ ನಾಚಿ ಸೆರಗು ಮುಚ್ಚಿಕೊಂಡಳು. ಕೇಳಿದೆ. ಒಳಗಿನ ಸದ್ದು ಬಹಳ ಚಂದ ಇದೆ ಅಂದಾನಿ. ಹೊಸ ಮಗ್ಗಕ್ಕೂ ಅಷ್ಟು ಸಮನಾದ ಬಡಿತ ಇರುವುದಿಲ್ಲ.

ಆದರೆ ಒಂದು ಕಂಡಿತು. ಚಹದ ಅಂಗಡಿಯ ಮುಂದೆ ಬೇವಿನ ಮರದ ನೆರಳು ದೊಡ್ಡದಾಗಿತ್ತು, ಖಾಲಿಯೂ ಇತ್ತು. ಇವನು ಗಾಡಿಯನ್ನು ರಸ್ತೆಯ ಆಚೆ, ಸಣ್ಣ ಸೇತುವೆಯ ಇಳಿಜಾರಿನಲ್ಲಿ, ಉರಿ ಬಿಸಿಲಿಗೆ ನಿಲ್ಲಿಸಿದ್ದ. ನಾನು ಚಹ ಮುಗಿಸಿ ಅದನ್ನೇ ಕೇಳಿದೆ. ತುಕಾರಾಮ ಕಪ್ಪು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಅಂದ:

"ಬಿಸಿ ಆದ ಮ್ಯಾಲ ಒಮ್ಮೊಮ್ಮೆ ಒದ್ದರ ಚಾಲೂ ಆಗೂದಿಲ್ರೀ ಯವ್ವಾ. ಇಳಕಲಿನ್ಯಾಗ ಬಿಟ್ಟರ ತಾನ ಎದ್ದು ನಡೀತೈತಿ. ನನ್ನ ಮಾತು ಕೇಳಿ ನಮ್ಮ ಬೀಗರೂ ಒಂದು ಬುಕ್ ಮಾಡ್ಯಾರ. ಈಗ ಹ್ಯಾಂಗ ಹೇಳ್ಲಿ?"

ಯಾಕೆ ಹಾಗಾಗುತ್ತದೆ ಎಂದು ಅವನಿಗೂ ಗೊತ್ತಿಲ್ಲ, ಅಲ್ಲಿಯ ಮೇಸ್ತ್ರಿಗೂ ಗೊತ್ತಿಲ್ಲ. ಕಂಪನಿಗೆ ಬರೆದರೆ ಉತ್ತರ ಇಲ್ಲವಂತೆ.

ನನ್ನ ಮನಸ್ಸು ಹಳೆಯ ಗಾಡಿಯ ಕಡೆಗೆ ಇದೆ. ಕೆಸರಿನಲ್ಲಿ ಕೂತರೆ ನಾಲ್ಕು ಮಂದಿ ತಳ್ಳುತ್ತಾರೆ. ಕಾರಣ ಗೊತ್ತಿಲ್ಲದೆ ನಿಲ್ಲುವ ಯಂತ್ರವನ್ನು ಯಾರು ತಳ್ಳಬೇಕು, ಎಲ್ಲಿಗೆ ತಳ್ಳಬೇಕು? ಆದರೂ ನಿನ್ನ ಹೆಬ್ಬೆರಳು ಆಗಲೇ ನಿರ್ಧಾರ ಮಾಡಿದ ಹಾಗೆ ಕಾಣುತ್ತದೆ. ಬೇಡ ಎಂದು ನಾನು ಕಟ್ಟಿ ಹಾಕುವುದಿಲ್ಲ. ಇಲ್ಲಿ ನೋಡಿದ್ದನ್ನು ಬರೆದಿದ್ದೇನೆ.

ನಿನ್ನ ಅತ್ತಿ,
ಮಾಯವ್ವ


ಬನಹಟ್ಟಿ
೬ ಜೂನ್ ೧೯೯೧

ಅಂದಾನೆಪ್ಪ,

ನೀನು ಭಾನುವಾರ ಗಾಡಿ ತೋರಿಸಿ ಹೋದ ಮೇಲೆ ಓಣಿಯ ಹುಡುಗರು ನಮ್ಮ ಮನೆಗೆ ಒಂಟೆಯವರ ಮನೆ ಎಂದು ಹೆಸರಿಟ್ಟಿದ್ದಾರೆ. ಕೊಂಡು ಹದಿನೈದು ದಿನವಾಗಿದ್ದ ಗಾಡಿ ನಮ್ಮ ಬಾಗಿಲಲ್ಲಿ ಬಿಸಿಯಾಗಿ ನಿಂತು, ಹನ್ನೊಂದು ಸಲ ಒದ್ದರೂ ಏಳಲಿಲ್ಲವಲ್ಲ, ಆಗ ನಿನ್ನ ಮುಖ ನೋಡಲು ಆಗಲಿಲ್ಲ. ಆದರೆ ಅದು ನನ್ನ ಕಣ್ಣ ಮುಂದೆಯೇ ಕೈ ಕೊಟ್ಟದ್ದು ಒಳ್ಳೆಯದಾಯಿತು.

ಕಡೆಗೆ ಅದು ಎದ್ದ ಮೇಲೆ ಕಂಡಿಕೆ ಹಚ್ಚಿ ಕೇಳಿದಾಗ ಬಡಿತದ ಜೊತೆ ಸಣ್ಣಗೆ ಸುಂಯ್ ಅನ್ನುವ ಉಸಿರು ಕೇಳಿತು. ಮುಧೋಳದಲ್ಲಿ ಅದು ಇರಲಿಲ್ಲ, ಅಥವಾ ಆ ನಗುವಿನಲ್ಲಿ ಕೇಳಲಿಲ್ಲ. ನನ್ನ ಸೀರೆಗೆ ಅಂಟಿದ್ದ ಹತ್ತಿಯ ಪುಕ್ಕವೊಂದನ್ನು ಅಲ್ಲಲ್ಲಿ ಹಿಡಿದು ನೋಡಿದೆ. ಪೆಟ್ರೋಲು ಗಾಳಿ ಕೂಡುವ ಡಬ್ಬಿ ಇದೆಯಲ್ಲ, ನೀನು ಕಾರ್ಬುರೇಟರ್ ಅಂದೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆಯ ಹತ್ತಿರ ಪುಕ್ಕ ಕೈ ಬಿಟ್ಟು ಹಾರಿ ಹೋಗಿ ಅಂಟಿಕೊಂಡಿತು. ರಬ್ಬರ್ ಶಾಖಕ್ಕೆ ಸೀಳಿದೆ. ಆ ಸೀಳಿನಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಬಿಸಿಯಾದಾಗ ಸೀಳು ಬಾಯಿ ಬಿಡುತ್ತದೆ, ತಣ್ಣಗಾದಾಗ ಮುಚ್ಚುತ್ತದೆ. ತುಕಾರಾಮನ ಇಳಿಜಾರಿನ ಕಾರಣ ಇದೇ ಇರಬೇಕು. ನಾನು ಅವನಿಗೂ ಬರೆದಿದ್ದೇನೆ.

ಹೊಸ ರಬ್ಬರ್ ಬರಲು ಎರಡು ತಿಂಗಳು ಎಂದು ವಿಜಾಪುರದವರು ಹೇಳಿದ್ದಾರೆ ಅಂದೆ. ಅಲ್ಲಿಯ ತನಕ ಆ ಸೀಳಿನ ಮೇಲೆ ನಾನು ಗಂಜಿ ಹಚ್ಚಿ ಸುತ್ತಿದ ನೂಲು ನಡೆಯುತ್ತದೆ. ಸುತ್ತಿದ ಮೇಲೆ ಬಿಸಿ ಇದ್ದಾಗಲೇ ಎರಡನೇ ಒದೆತಕ್ಕೆ ಎದ್ದಿತಲ್ಲ. ಇಡೀ ಓಣಿಗೆ ಹೇಳಿಕೊಂಡು ಬಂದೆ. ಸಾತವ್ವ ನನ್ನನ್ನು ಈಗ ಮೇಸ್ತ್ರಿ ಮಾಯವ್ವ ಅನ್ನುತ್ತಾಳೆ.

ಇದರ ಜೊತೆ ಗಂಜಿ ಹಾಕಿದ ನೂಲು ಆರು ಮೊಳ ಇಟ್ಟಿದ್ದೇನೆ. ಮೊದಲಿನದು ಸಡಿಲಾದರೆ ಬಿಚ್ಚಿ ಇದನ್ನು ಸುತ್ತು. ಎಳೆಯ ಪಕ್ಕ ಎಳೆ ಬರಬೇಕು, ಒಂದರ ಮೇಲೊಂದು ಏರಬಾರದು. ಪ್ರತಿ ಸುತ್ತಿಗೂ ಬೆರಳಿನಿಂದ ಗಂಜಿ ಸವರು. ಕೊನೆಗೆ ತುದಿಯನ್ನು ಗಂಟು ಹಾಕಬೇಡ. ನಾವು ಹರಿದ ಎಳೆಯನ್ನು ಕೆಚ್ಚುವ ಹಾಗೆ, ತುದಿಗೆ ತುದಿ ಹೊಸೆದು ಗಂಜಿ ಹಚ್ಚಿ ಒಣಗಲು ಬಿಡು. ಒಣಗಿದ ಮೇಲೆ ಉಗುರಿಗೆ ಸಿಗಬಾರದು. ಹಾಗಿದ್ದರೆ ಸರಿಯಾಗಿದೆ ಎಂದು ತಿಳಿ.

ಹಳೆಯ ಗಾಡಿಯೇ ಇರಬೇಕಿತ್ತು ಎಂದು ಇನ್ನೂ ಅನ್ನಿಸುತ್ತದೆ. ಆದರೆ ಇದರ ಮೇಲೆ ನೀನು ಓಣಿ ತಿರುಗುವಾಗ ನೋಡಿದೆ. ನಿನ್ನ ಬೆನ್ನು ನೆಟ್ಟಗಿತ್ತು.

ನಿನ್ನ,
ಮಾಯವ್ವ ಅತ್ತಿ


ಬೀಳಗಿ
೨೪ ಜುಲೈ ೧೯೯೧

ಅತ್ತಿ,

ನಿನಗೆ ಬರೆಯದೆ ಬಹಳ ದಿನವಾಯಿತು. ಬರೆಯುವಂಥ ಸುದ್ದಿ ಇರಲಿಲ್ಲ. ಜೂನ್ ತಿಂಗಳು ಗಾಡಿ ಎಲ್ಲೂ ನಿಲ್ಲಲಿಲ್ಲ. ಐಸ್ ಕರಗುವ ಮುಂಚೆ ನಾಲ್ಕು ಊರು ಮುಗಿಸಿದೆ. ಜುಲೈ ಮೊದಲ ವಾರ ನೂಲು ಸಡಿಲಾಯಿತು, ನೀನು ಕಳಿಸಿದ್ದನ್ನು ಬರೆದ ಹಾಗೆಯೇ ಸುತ್ತಿದೆ.

ಉಳಿದದ್ದು ಹಳ್ಳದಾಚೆಯ ಊರು. ಹನ್ನೊಂದನೇ ತಾರೀಖು ಹೊರಟೆ. ಹಳ್ಳದಲ್ಲಿ ಮೊಣಕಾಲು ಮಟ್ಟದ ನೀರು. ಈ ಗಾಡಿ ಅಂಥದಕ್ಕೇ ಇರುವುದು ಎಂದು ಇಳಿಸಿದೆ. ಆಚೆ ದಡ ಹದಿನೈದು ಹೆಜ್ಜೆ ಇದೆ ಅನ್ನುವಾಗ ಸದ್ದು ಏರಿತು, ಮಗ್ಗ ಎಳೆ ಇಲ್ಲದೆ ಓಡಿದ ಹಾಗೆ, ಆಮೇಲೆ ನಿಂತುಬಿಟ್ಟಿತು. ಒದ್ದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಇಳಿಯಬೇಕೆಂದು ಕಾಲು ಚಾಚಿದರೆ ಹೆಬ್ಬೆರಳಿಗೆ ನೆಲ ಸಿಗಲಿಲ್ಲ, ನೀರಿನ ಕೆಳಗೆ ಕಲ್ಲು ಜಾರಿತು. ಗಾಡಿ, ನಾನು, ಪೆಟ್ಟಿಗೆ, ಮೂರೂ ಬಿದ್ದೆವು. ಪೆಟ್ಟಿಗೆಯ ಮುಚ್ಚಳ ಹಾರಿತು. ಇನ್ನೂರು ದನದ ಲಸಿಕೆ ಹಳ್ಳಕ್ಕೆ ಹೋಯಿತು.

ವಿಜಾಪುರದಿಂದ ಮತ್ತೆ ಲಸಿಕೆ ಬರಲು ಒಂಬತ್ತು ದಿನ ಹಿಡಿಯಿತು. ಐದನೇ ದಿನ ಆ ಊರಿನ ಭೀಮಪ್ಪನ ಎಮ್ಮೆ ಸತ್ತಿತು. ಗಂಟಲು ಬೇನೆ. ಗಬ್ಬದ ಎಮ್ಮೆ. ಅವನಿಗಿದ್ದ ಎಮ್ಮೆ ಅದೊಂದೇ. ಇಪ್ಪತ್ತಕ್ಕೆ ನಾನು ಲಸಿಕೆ ತೆಗೆದುಕೊಂಡು ಹೋದಾಗ, ಬಸ್ಸಿಗೆ ಹೋಗಿ ಅಲ್ಲಿಂದ ನಡೆದುಕೊಂಡು, ಭೀಮಪ್ಪ ತನ್ನ ಎರಡು ಎತ್ತು ಹಿಡಿದು ನಿಂತಿದ್ದ. ಮಾತಾಡಿದ್ದು ಉಳಿದವರು. "ಸೈಕಲ್ ಮ್ಯಾಲ ಬರ್ತಿದ್ದಾಗ ತಡಾ ಆದ್ರೂ ಬರ್ತಿದ್ರಿ" ಅಂದರು.

ಗಾಡಿಯನ್ನು ಎತ್ತಿನ ಬಂಡಿಯಲ್ಲಿ ಹೇರಿ ತಂದಿದ್ದೇನೆ. ಕರಾರಿನ ಪ್ರಕಾರ ಆಗಸ್ಟ್ ಹದಿನೆಂಟರ ತನಕ ವಾಯಿದೆ ಇದೆ. ಅಷ್ಟರಲ್ಲಿ ವಿಜಾಪುರಕ್ಕೆ ಹೋಗಿ ಕೊಟ್ಟು ಹಳೆಯ ಮಾದರಿ ತರುತ್ತೇನೆ. ನಿನ್ನ ಮಾತೇ ಖರೆ ಆಯಿತು.

ಅಂದಾನೆಪ್ಪ


ಬನಹಟ್ಟಿ
೨೮ ಜುಲೈ ೧೯೯೧

ಅಂದಾನಿ,

ಪತ್ರ ಓದಿದೆ. ನಿನಗೆ ಪೆಟ್ಟು ಬಿತ್ತೋ ಇಲ್ಲವೋ ಬರೆದಿಲ್ಲ. ಅದನ್ನು ಮೊದಲು ಬರೆ.

ಆಮೇಲೆ ಇಷ್ಟಕ್ಕೆ ಉತ್ತರ ಕೊಡು. ನೀನು ಸುತ್ತಿದ ನೂಲು ಎಲ್ಲಿದೆ? ಕಡಿದಿತ್ತೋ, ಸುಟ್ಟಿತ್ತೋ, ಬಿಚ್ಚಿತ್ತೋ? ಗಾಡಿಯಲ್ಲಿಯೇ ಇದ್ದರೆ ಮೆಲ್ಲಗೆ ತೆಗೆದು ಲಕೋಟೆಯಲ್ಲಿ ಹಾಕಿ ಕಳಿಸು. ತೊಳೆಯಬೇಡ. ಅದು ಬರುವ ತನಕ ವಿಜಾಪುರಕ್ಕೆ ಹೋಗಬೇಡ.

ಮಾಯವ್ವ


ಬೀಳಗಿ
೧ ಆಗಸ್ಟ್ ೧೯೯೧

ಅತ್ತಿ,

ಮೊಣಕೈ ತರಚಿದೆ, ಬೇರೇನೂ ಇಲ್ಲ. ನೂಲು ಇದರೊಳಗಿದೆ. ಕೊಳವೆಯ ಕೆಳಗೆ ಜೋತಾಡುತ್ತಿತ್ತು. ಅದರಿಂದ ನಿನಗೇನು ತಿಳಿಯುತ್ತದೋ ನನಗೆ ಗೊತ್ತಿಲ್ಲ. ಗಾಡಿಯೇ ಹಾಗೆ, ಬಿಡು.

ಅಂದಾನೆಪ್ಪ


ಬನಹಟ್ಟಿ
೭ ಆಗಸ್ಟ್ ೧೯೯೧

ಅಂದಾನೆಪ್ಪ,

ನಿನ್ನ ಲಕೋಟೆ ಶನಿವಾರವೇ ಬಂದಿದೆ. ನಾಲ್ಕು ದಿನ ಗೂಡಿನಲ್ಲಿ ಇಟ್ಟು ಇವತ್ತು ಬರೆಯುತ್ತಿದ್ದೇನೆ. ಆ ನಾಲ್ಕು ದಿನ ಯಾಕೆ ಬೇಕಾಯಿತು ಎಂದು ಮುಂದೆ ಹೇಳುತ್ತೇನೆ.

ನೂಲನ್ನು ಹಲಗೆಯ ಮೇಲೆ ಬಿಡಿಸಿ ಅಳೆದೆ. ಆರು ಮೊಳ, ಪೂರ್ತಿ. ಎಲ್ಲೂ ಕಡಿದಿಲ್ಲ, ಸುಟ್ಟಿಲ್ಲ, ಸವೆದಿಲ್ಲ. ಎರಡೂ ತುದಿ ನಾನು ಕತ್ತರಿಸಿ ಕಳಿಸಿದ ಹಾಗೆಯೇ ಇವೆ. ಬೆರಳಿಗೆ ಗಂಜಿ ಸಿಗಲಿಲ್ಲ. ಹಳ್ಳದ ನೀರಿನಲ್ಲಿ ತೊಳೆದು ಹೋಗಿದೆ.

ನಾನು ಏನು ಮಾಡಿದೆ ಎಂದು ನೆಟ್ಟಗೆ ಹೇಳುತ್ತೇನೆ. ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕಿದರೆ ಆ ಗಂಟು ಎಳೆಗಳು ಹಾಯುವ ಹಣಿಗೆಯ ಸಂದಿನಲ್ಲಿ ಸಿಕ್ಕಿ ಪಕ್ಕದ ಎಳೆಗಳನ್ನೂ ಹರಿಯುತ್ತದೆ. ಅದಕ್ಕೇ ನಾವು ಹೊಸೆದು ಗಂಜಿ ಹಚ್ಚುತ್ತೇವೆ. ನಲವತ್ತು ವರ್ಷದಿಂದ ನನ್ನ ಕೈ ನೂಲಿಗೆ ಗಂಟು ಹಾಕಿಲ್ಲ. ಹೊಸ ಹುಡುಗಿಯರು ಹಾಕಿದರೆ ಬೈದಿದ್ದೇನೆ. ನಿನ್ನ ಗಾಡಿಗೆ ಹಣಿಗೆ ಇಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಗಂಜಿ ನೀರಿಗೆ ಕರಗುತ್ತದೆ ಎಂದು ಬನಹಟ್ಟಿಯ ಕೂಸಿಗೂ ಗೊತ್ತು. ಆದರೆ ನನ್ನ ಮನೆಯಲ್ಲಿ ನೂಲು ನೀರು ನೋಡುವುದಿಲ್ಲ. ನಾನು ನೇಯ್ದ ಸೀರೆಯನ್ನು ನೀರಿಗೆ ಹಾಕುವವರು ಬೇರೆ ಯಾರೋ.

ನಿನ್ನಷ್ಟಕ್ಕೆ ಬಿಟ್ಟಿದ್ದರೆ ನೀನು ಗಂಟು ಹಾಕುತ್ತಿದ್ದೆ. ಯಾರಾದರೂ ಹಾಕುತ್ತಿದ್ದರು. ನಾನು ಬೇಡ ಎಂದು ಬರೆದು ಕಳಿಸಿದೆ.

ರಬ್ಬರ್ ಸೀಳಿದ್ದು ಕಂಪನಿಯ ತಪ್ಪು. ಎರಡು ತಿಂಗಳಾದರೂ ಬದಲಿ ಕಳಿಸದೆ ಇದ್ದದ್ದೂ ಅವರ ತಪ್ಪು. ಹಳ್ಳದ ನಡುವೆ ಗಾಡಿ ನಿಂತದ್ದು ನನ್ನ ತಪ್ಪು. ಇವನ್ನು ಒಂದರಲ್ಲಿ ಒಂದು ಕಲಸಬೇಡ. ಕಲಸಿದರೆ ನಿನಗೆ ಗಾಡಿಯ ಖರೆ ಗುಣ ಯಾವತ್ತೂ ತಿಳಿಯುವುದಿಲ್ಲ.

ಈಗ ನಾಲ್ಕು ದಿನದ ಮಾತು. ಸುಮ್ಮನಿದ್ದರೆ ನೀನು ಹಳೆಯ ಗಾಡಿ ತರುತ್ತಿದ್ದೆ. ನನಗೆ ಮೊದಲಿನಿಂದ ಬೇಕಿದ್ದದ್ದು ಅದೇ. ಮಾಯವ್ವ ಆಗಲೇ ಹೇಳಿದ್ದಳು ಎಂದು ಎಲ್ಲರೂ ಅನ್ನುತ್ತಿದ್ದರು. ನೂಲನ್ನು ಒಲೆಗೆ ಹಾಕಿದರೆ ಮುಗಿಯಿತು. ಒಲೆಯ ತನಕ ಹೋಗಿಯೂ ಬಂದೆ. ಹಾಕದಿದ್ದದ್ದು ದೊಡ್ಡ ಗುಣದಿಂದ ಅಲ್ಲ. ಮುಂದಿನ ವರ್ಷ ನೀನು ಹಳೆಯ ಗಾಡಿಯ ಯಾವುದೋ ಸೀಳಿಗೆ ನಾನು ಹೇಳಿಕೊಟ್ಟ ಹಾಗೆಯೇ ನೂಲು ಸುತ್ತುತ್ತೀಯ ಎಂದು ಅನ್ನಿಸಿತು.

ಬೇರೆ ನೂಲು ಇಟ್ಟಿದ್ದೇನೆ. ಗಂಜಿ ಇಲ್ಲ, ಜೇನುಮೇಣ ತಿಕ್ಕಿದ್ದೇನೆ. ಎರಡು ದಿನ ಕೊಡದ ನೀರಿನಲ್ಲಿ ಮುಳುಗಿಸಿಟ್ಟು ನೋಡಿದೆ, ಏನೂ ಆಗಲಿಲ್ಲ. ಸುತ್ತು. ಗಂಟು ಹಾಕು. ನನಗೆ ಗಟ್ಟಿ ಗಂಟು ಬರುವುದಿಲ್ಲ, ಬಲ್ಲವರನ್ನು ಕೇಳಿ ಹಾಕಿಸು. ಆಮೇಲೆ ಲಸಿಕೆ ಇಲ್ಲದೆ ಅದೇ ಹಳ್ಳಕ್ಕೆ ಇಳಿಸು. ನಡುನೀರಿನಲ್ಲಿ ಇಂಜಿನ್ ಬಂದ್ ಮಾಡು. ನೂರು ಎಣಿಸು. ಒದಿ. ಏಳದಿದ್ದರೆ ಅಲ್ಲಿಂದಲೇ ವಿಜಾಪುರಕ್ಕೆ ಹೇರು, ನಾನು ಒಂದು ಮಾತೂ ಆಡುವುದಿಲ್ಲ. ಎದ್ದರೂ ಇಟ್ಟುಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು.

ಅದಕ್ಕೂ ಮೊದಲು ಒಂದು ಕೆಲಸ. ಈ ಪತ್ರವನ್ನು ಭೀಮಪ್ಪನಿಗೆ ಓದಿ ಹೇಳು. ಒಲೆಯ ಮಾತನ್ನೂ ಬಿಡಬೇಡ.

ಮಾಯವ್ವ


ಬೀಳಗಿ
೨೧ ಆಗಸ್ಟ್ ೧೯೯೧

ಅತ್ತಿ,

ಪತ್ರವನ್ನು ಎಂಟು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಓದಬಾರದು ಅಂದುಕೊಂಡಿದ್ದೆ. ಗಾಡಿ ಕೆಟ್ಟಿತು ಎಂದರೆ ಭೀಮಪ್ಪ ಕಂಪನಿಯನ್ನು ಬೈದುಕೊಂಡು ಸುಮ್ಮನಾಗುತ್ತಾನೆ. ಇದು ನಮ್ಮ ಮನೆಯ ಕೈಯಿಂದ ಆದದ್ದು ಎಂದು ಹೇಳಿ ಅವನ ಹೊಟ್ಟೆ ಯಾಕೆ ಉರಿಸಬೇಕು ಎಂದು ನನಗೇ ನಾನು ಹೇಳಿಕೊಂಡೆ. ಅದು ಅವನ ಮೇಲಿನ ಕಾಳಜಿ ಅಲ್ಲ, ನನ್ನ ಹೆದರಿಕೆ ಎಂದು ಗೊತ್ತಿತ್ತು.

ಹದಿನೇಳನೇ ತಾರೀಖು, ವಾಯಿದೆ ಮುಗಿಯಲು ಒಂದು ದಿನ ಇರುವಾಗ, ಗಾಡಿಯನ್ನು ಹಳ್ಳದ ಈಚೆ ನಿಲ್ಲಿಸಿ ನಡೆದು ದಾಟಿ ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಓದಿದೆ. ಅವನ ಹೆಂಡತಿ ಒಳಗಿನ ಬಾಗಿಲಲ್ಲಿ ನಿಂತು ಕೇಳಿದಳು. ಒಲೆಯ ಮಾತನ್ನೂ ಬಿಡಲಿಲ್ಲ. ಓದಿ ಮಡಚಿದೆ. ಭೀಮಪ್ಪ ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಕಡೆಗೆ ನೋಡುತ್ತಿದ್ದ. ಅಲ್ಲಿ ಗೂಟಕ್ಕೆ ಬರೀ ಹಗ್ಗ ಇತ್ತು. ಆಮೇಲೆ ಕೇಳಿದ:

"ನಿಮ್ಮ ಅತ್ತಿಗಿ ಗಂಟ ಹಾಕಾಕ ಬರೂದಿಲ್ಲೇನು?"

ಬರುವುದಿಲ್ಲ, ಮಗ್ಗದವರು ಹಾಕುವುದಿಲ್ಲ ಎಂದು ಹೇಳಿದೆ. ಹಾಗಾದರೆ ಹರಿದ ನೂಲು ಹೇಗೆ ನಿಲ್ಲುತ್ತದೆ ಎಂದು ಕೇಳಿದ. ಹೊಸೆಯುವುದನ್ನು ತೋರಿಸಿದೆ. ಎಳೆದು ನೋಡಿದ. ಇನ್ನೊಂದು ಸಲ ತೋರಿಸು ಅಂದ, ತೋರಿಸಿದೆ. ಎದ್ದು ಎರಡು ಎತ್ತು ಬಿಚ್ಚಿದ, ದಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡ, ನನ್ನ ಜೊತೆ ಹಳ್ಳ ದಾಟಿ ಗಾಡಿಯ ಹತ್ತಿರ ಬಂದ. ಗಾಡಿ ನಿಂತರೆ ಎಳೆಯಲು ಎಂದು ಅವನು ಹೇಳಲಿಲ್ಲ. ನಾನೇ ತಿಳಿದುಕೊಂಡೆ.

ನೀನು ಹೇಳಿದ ಹಾಗೆ ಎಳೆಯ ಪಕ್ಕ ಎಳೆ ಸುತ್ತಿದೆ. ತುದಿಗೆ ಬಂದಾಗ ಭೀಮಪ್ಪ ಕೈ ಚಾಚಿ "ತಾ ಇಲ್ಲೆ" ಅಂದ. ಅವನ ಬೆರಳು ದಪ್ಪ, ನೂಲು ತೆಳು. ಮೂರು ಸಲ ಜಾರಿತು. ನಾಲ್ಕನೇ ಸಲ ಕೂತಿತು. ನಾನು ಎಳೆದರೆ ಬಿಗಿಯಾಗುತ್ತದೆ, ಸಡಿಲಾಗುವುದಿಲ್ಲ. ಇದು ಯಾವ ಗಂಟು ಎಂದು ಕೇಳಿದೆ.

"ಎಮ್ಮಿ ಕಟ್ಟೂದು" ಅಂದ.

ಐಸ್ ಬದಲು ಪೆಟ್ಟಿಗೆಯಲ್ಲಿ ಇಟ್ಟಂಗಿ ತುಂಬಿ ಹಿಂದೆ ಕಟ್ಟಿದ್ದೆ. ನೀರು ಅವತ್ತಿಗಿಂತ ನಾಲ್ಕು ಬೆರಳು ಹೆಚ್ಚೇ ಇತ್ತು. ನಡುವೆ ಹೋಗಿ ಬಂದ್ ಮಾಡಿದೆ. ನೂರು ಎಣಿಸಿದೆ. ಹೆಬ್ಬೆರಳಿನ ಕೆಳಗೆ ಒಂದು ಕಲ್ಲು ಸಿಕ್ಕಿತ್ತು, ಅದನ್ನೇ ಹಿಡಿದು ನಿಂತಿದ್ದೆ. ಮೊದಲ ಒದೆತಕ್ಕೆ ಏನೂ ಇಲ್ಲ. ಎರಡನೇದಕ್ಕೂ ಇಲ್ಲ. ದಡದ ಮೇಲೆ ಭೀಮಪ್ಪ ಹಗ್ಗ ಬಿಡಿಸುತ್ತ ನೀರಿಗೆ ಕಾಲಿಟ್ಟದ್ದು ಕಂಡಿತು. ಮೂರನೇದಕ್ಕೆ ಎದ್ದಿತು. ಆಚೆ ದಡಕ್ಕೆ ಹೋಗಿ ತಿರುಗಿಸಿದೆ. ಭೀಮಪ್ಪ ಈಚೆ ದಡದಿಂದಲೇ ಕೈ ಮಾಡಿ ನಡುನೀರಿನಲ್ಲಿ ಮತ್ತೆ ಬಂದ್ ಮಾಡು ಎಂದು ಸನ್ನೆ ಮಾಡಿದ. ಮಾಡಿದೆ. ಮತ್ತೆ ಮೂರಕ್ಕೆ ಎದ್ದಿತು. ಮೂರನೇ ಸಲವೂ ಮಾಡಿಸಿದ. ಆಗ ಎರಡಕ್ಕೇ ಎದ್ದಿತು.

ಭೀಮಪ್ಪ ಹಗ್ಗ ಸುತ್ತಿಕೊಂಡು ಎತ್ತು ತಿರುಗಿಸುವಾಗ ನನ್ನ ಕಡೆ ನೋಡದೆ ಅಂದ: "ಬರೂ ವರ್ಷ ಮೊದಲ ನಮ್ಮೂರಿಗಿ ಬರ್ರಿ ಡಾಕ್ಟರಪ್ಪಾ. ಬ್ಯಾರೆ ಊರು ಆಮ್ಯಾಲ."

ಹದಿನೆಂಟನೇ ತಾರೀಖು ನಾನು ವಿಜಾಪುರಕ್ಕೆ ಹೋಗಲಿಲ್ಲ. ಕರಾರಿನ ಕಾಗದ ಈಗ ಬರೀ ಕಾಗದ. ಇನ್ನು ಹತ್ತು ವರ್ಷ ಇದೇ ಗಾಡಿ. ಕಂಪನಿಯ ರಬ್ಬರ್ ಇನ್ನೂ ಬಂದಿಲ್ಲ.

ಅಂದಾನೆಪ್ಪ


ಬನಹಟ್ಟಿ
೨೫ ಆಗಸ್ಟ್ ೧೯೯೧

ಅಂದಾನಿ,

ಪತ್ರವನ್ನು ಮಗ್ಗ ನಿಲ್ಲಿಸಿ ಓದಿದೆ.

ರಬ್ಬರ್ ಬಂದ ದಿನವೇ ಹಾಕು. ನೂಲಿನ ಮೇಲೆ ಭರವಸೆ ಇಟ್ಟು ಕೂರಬೇಡ, ನನ್ನದಾಗಲಿ ಭೀಮಪ್ಪನದಾಗಲಿ. ಎರಡು ರಬ್ಬರ್ ತರಿಸು, ಒಂದನ್ನು ಸೀಟಿನ ಕೆಳಗೆ ಇಡು. ತುಕಾರಾಮನಿಗೂ ಮೇಣದ ನೂಲು ಕಳಿಸಿದ್ದೇನೆ. ಅವನು ಬೀಗರಿಗೆ ಎಲ್ಲ ಹೇಳಿದನಂತೆ. ಅವರು ಗಾಡಿ ಬಿಡಲಿಲ್ಲವಂತೆ, ಆದರೆ ಹದಿನೈದು ದಿನ ಇವನ ಮನೆಯಲ್ಲಿ ಊಟ ಬಿಟ್ಟಿದ್ದರಂತೆ.

ಬರುವ ಭಾನುವಾರ ನಾನು ಬೆಳಗಿನ ಬಸ್ಸಿಗೆ ಬೀಳಗಿಗೆ ಬರುತ್ತೇನೆ. ಭೀಮಪ್ಪನ ಮನೆಗೆ ಹೋಗಬೇಕು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು ಎಂದು ಬರೆದಿದ್ದೀಯ, ಅವಳ ಮುಂದೆ ಕೂತು ಮಾತಾಡಬೇಕು. ಅವಳು ಏನಾದರೂ ಅನ್ನಲಿ. ನಾನು ಪತ್ರದಲ್ಲಿ ಹೇಳಿದ್ದು ಆಯಿತು, ಎದುರಿಗೆ ಹೇಳಿಲ್ಲ. ಬೀಳಗಿಯಿಂದ ಮುಂದೆ ಗಾಡಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗು. ಹಳ್ಳದಲ್ಲಿ ಇಳಿಸಬೇಡ, ಕೂತೇ ದಾಟುತ್ತೇನೆ. ಕಾಲು ಎಲ್ಲಿ ಇಡಬೇಕು ಎಂದು ಮಾತ್ರ ಮೊದಲೇ ಹೇಳು, ನನಗೆ ಹೆಬ್ಬೆರಳೂ ತಾಗುವುದಿಲ್ಲ.

ಆ ಗಂಟಿನ ಚಿತ್ರ ಬರೆದು ಕಳಿಸು ಎಂದು ಹೇಳುವುದಕ್ಕೆ ಹೊರಟಿದ್ದೆ. ಬೇಡ. ಎರಡು ಸಂಜೆ ಒಬ್ಬಳೇ ಕೂತು ಪ್ರಯತ್ನ ಮಾಡಿದೆ, ಎಳೆದರೆ ಜಾರಿ ಹೋಗುತ್ತದೆ. ಭೀಮಪ್ಪ ಒಪ್ಪಿದರೆ ಅವನ ಕೈ ನೋಡಿಯೇ ಕಲಿಯುತ್ತೇನೆ. ಎಡಗೈ ಮೊದಲು ಹೋಗುತ್ತದೋ ಬಲಗೈಯೋ, ನಿನಗೆ ನೆನಪಿದೆಯೇ?

ಮಾಯವ್ವ